ಇಟಲಿಯ ಹಳೆ ಊರುಗಳಲ್ಲಿ ಕೈಗೆಟುಕುವ ರೂಮು: ಮೊದಲು ಕೋಟೆ ಬಾಗಿಲು ಹುಡುಕಿ

ಪ್ರಶ್ನೆ: 2027ರ ಬೇಸಿಗೆ ರಜೆಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ನೋಡಬೇಕು ಅಂತಿದ್ದೇವೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, 68 ವರ್ಷದ ಅತ್ತೆ, ಒಟ್ಟು ನಾಲ್ಕು ಜನ. ಅತ್ತೆಯವರಿಗೆ ಮಂಡಿನೋವು. ನಿಧಾನಕ್ಕೆ ನಡೆಯುತ್ತಾರೆ, ಆದರೆ ಮೆಟ್ಟಿಲು ಕಷ್ಟ. ನಾವೆಲ್ಲ ಸಸ್ಯಾಹಾರಿಗಳು. ಉಳಿಯೋದಕ್ಕೆ ರಾತ್ರಿಗೆ 15–16 ಸಾವಿರ ರೂಪಾಯಿ ದಾಟಬಾರದು. ಊರ ಮಧ್ಯದ ಹೋಟೆಲ್‌ಗಳ ಬೆಲೆ ನೋಡಿ ಗಾಬರಿಯಾಯಿತು. ಊರಾಚೆ ಅಗ್ಗದ ಹೋಟೆಲ್ ಹಿಡಿದು, ದಿನಾ ಬಸ್ಸೋ ರೈಲೋ ಹತ್ತಿ ಬಂದರೆ ಆಗುತ್ತಾ? (ಮೈಸೂರಿನ ಓದುಗರೊಬ್ಬರು)

ಉತ್ತರ: ಊರಾಚೆ ಹೋಗಬೇಡಿ. ಹಾಗಂತ ಫ್ಲಾರೆನ್ಸಿನ ದೊಡ್ಡ ಚರ್ಚು ದುವೊಮೊ ಎದುರಿಗೇ, ರೋಮಿನ ಪ್ರಾಚೀನ ದೇಗುಲ ಪ್ಯಾಂಥಿಯನ್ ಪಕ್ಕಕ್ಕೇ ರೂಮು ಬೇಕು ಅಂತಲೂ ಕೂರಬೇಡಿ. ಅದು ಪರ್ಯಾಯದ ರಾತ್ರಿ ಉಡುಪಿಯ ರಥಬೀದಿಯಲ್ಲೇ ರೂಮು ಕೇಳಿದ ಹಾಗೆ. ಸಿಕ್ಕರೂ ದುಬಾರಿ, ಗಲಾಟೆಯೂ ಜಾಸ್ತಿ.

ಇವೆರಡರ ನಡುವೆ ಒಂದು ಒಳ್ಳೆಯ ಜಾಗ ಇದೆ. ಇಟಲಿಯ ಹಳೆ ಊರುಗಳಿಗೆ ಸುತ್ತಲೂ ಕೋಟೆಗೋಡೆ ಇತ್ತು. ಎಷ್ಟೋ ಕಡೆ ಗೋಡೆ ಹೋಗಿದೆ, ಬಾಗಿಲುಗಳು ಉಳಿದಿವೆ. ಮ್ಯಾಪಿನಲ್ಲಿ ಊರಿನ ಹೆಸರಿನ ಜೊತೆ ‘ಪೋರ್ತಾ’ (Porta, ಅಂದರೆ ಬಾಗಿಲು) ಅಂತ ಹಾಕಿ ಹುಡುಕಿ, ಆ ಬಾಗಿಲುಗಳು ಒಂದೊಂದಾಗಿ ಕಾಣುತ್ತವೆ. ನಿಮ್ಮ ರೂಮು ಅಂಥ ಒಂದು ಬಾಗಿಲಿನ ಒಳಗಡೆ, ಬಾಗಿಲಿಗೆ ಹತ್ತಿರ ಇರಲಿ. ಆಚೆಗೆ ಹೋದರೂ ಐದು ನಿಮಿಷದ ನಡಿಗೆ ಮೀರದಿರಲಿ.

ಕಾರಣ ಸರಳ. ಆ ಕಾಲದವರು ಊರು ಕಟ್ಟಿದ್ದು ಕಾಲ್ನಡಿಗೆಯ ಲೆಕ್ಕದಲ್ಲಿ. ಫ್ಲಾರೆನ್ಸ್, ಬೊಲೊನ್ಯ, ಲುಕ್ಕಾ, ಸಿಯೆನಾ, ಯಾವುದೇ ಆಗಲಿ, ಬಾಗಿಲಿನಿಂದ ಊರ ನಡುವಿನ ಚೌಕಕ್ಕೆ 15–20 ನಿಮಿಷ ನಡೆದರೆ ಸಾಕು. ಪ್ರವಾಸಿಗರು ಚೌಕದ ಸುತ್ತಲೇ ಮುಗಿಬೀಳುವುದರಿಂದ ಬೆಲೆಯೂ ಅಲ್ಲೇ ಏರುತ್ತದೆ. ಬಾಗಿಲಿನ ಹತ್ತಿರ ಇವತ್ತಿಗೂ ಅಲ್ಲಿಯ ಜನ ಮನೆ ಮಾಡಿಕೊಂಡಿದ್ದಾರೆ. ಹಣ್ಣಿನಂಗಡಿ, ಬೇಕರಿ, ಔಷಧಿ ಅಂಗಡಿ, ಶಾಲೆ ಎಲ್ಲ ಇರುತ್ತವೆ. ಕಾಫಿಗೆ ಊರಿನವರ ಬೆಲೆ. ರಾತ್ರಿ ಹತ್ತಕ್ಕೆ ಬೀದಿ ಸುಮ್ಮನಾಗುತ್ತದೆ.

ಊರಾಚೆ ಉಳಿಯುವ ಲೆಕ್ಕ ಹೊರಗಿನಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಕೂಡಿಸಿ ನೋಡಿ. ರೋಮಿನಲ್ಲಿ ಒಂದು ಸಲದ ಟಿಕೆಟ್ 1.50 ಯೂರೋ. ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಉಚಿತ, ನಿಮ್ಮ ಮಗಳಿಗೆ ಟಿಕೆಟ್ ಬೇಕು. ನಾಲ್ಕು ಜನ ಹೋಗಿ ಬರಲು ದಿನಕ್ಕೆ 12 ಯೂರೋ ಆಯಿತು. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಧ್ಯಾಹ್ನ ರೂಮಿಗೆ ವಾಪಸ್ಸು ಬರೋಕಾಗಲ್ಲ. ಮಂಡಿನೋವು ಇರುವವರಿಗೆ ಬೆಳಗ್ಗೆ ಎರಡು ಮೂರು ಗಂಟೆ ತಿರುಗಾಡಿ, ಊಟ ಮಾಡಿ, ಕಾಲು ಚಾಚಿ ಮಲಗಿ, ಸಂಜೆ ಐದಕ್ಕೆ ಮತ್ತೆ ಹೊರಡುವ ಅನುಕೂಲ ಇದ್ದರೆ ಇಡೀ ಪ್ರವಾಸ ಹಗುರ. ಊರಾಚೆ ರೂಮು ಮಾಡಿದರೆ ಬೆಳಗ್ಗೆ ಒಂಬತ್ತಕ್ಕೆ ಬಿಟ್ಟವರು ರಾತ್ರಿವರೆಗೂ ಬೀದಿಯಲ್ಲೇ ಇರಬೇಕು. ಮೂರನೇ ದಿನಕ್ಕೆ ಅತ್ತೆಯವರು ‘ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ’ ಅನ್ನುತ್ತಾರೆ. ಹಾಗಾಗಬಾರದು. ಅಷ್ಟು ದೂರ ಕರೆದುಕೊಂಡು ಹೋಗುವುದು ಅವರೂ ನೋಡಲಿ ಅಂತ ಅಲ್ವಾ?

ಮೊದಲು ಫ್ಲಾರೆನ್ಸ್ ತಗೊಳ್ಳೋಣ. ಬಾಗಿಲಿನ ಲೆಕ್ಕ ಅಲ್ಲಿ ತುಂಬ ಚೆನ್ನಾಗಿ ಕೂರುತ್ತದೆ. 1865ರಲ್ಲಿ ಫ್ಲಾರೆನ್ಸ್ ಸ್ವಲ್ಪ ಕಾಲ ಇಟಲಿಯ ರಾಜಧಾನಿಯಾಯಿತು. ಆಗ ಜುಸೆಪ್ಪೆ ಪೊಜ್ಜಿ ಅನ್ನುವ ವಾಸ್ತುಶಿಲ್ಪಿಯ ಯೋಜನೆಯಂತೆ ನದಿಯ ಉತ್ತರಕ್ಕಿದ್ದ ಗೋಡೆ ಕೆಡವಿ ಅಗಲವಾದ ಸುತ್ತುರಸ್ತೆ ಮಾಡಿದರು. ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಹಾಗಾಗಿ ಮ್ಯಾಪಿನಲ್ಲಿ ಆ ಸುತ್ತುರಸ್ತೆ ಕಂಡರೆ ಹಳೆ ಊರಿನ ಗಡಿ ಕಂಡ ಹಾಗೆಯೇ. ನದಿಯ ದಕ್ಷಿಣಕ್ಕೆ ಗೋಡೆಯ ತುಂಡುಗಳೂ ಉಳಿದಿವೆ.

ನಿಮಗೆ ಸರಿಹೊಂದುವ ಬಾಗಿಲು ಮೂರು. ಪೂರ್ವಕ್ಕೆ ಬೆಕ್ಕಾರಿಯಾ ಚೌಕದ ನಡುವೆ ಒಂಟಿಯಾಗಿ ನಿಂತಿರುವ ಪೋರ್ತಾ ಆಲಾ ಕ್ರೋಚೆ. ನದಿ ದಾಟಿದರೆ ಪಶ್ಚಿಮಕ್ಕೆ ಪೋರ್ತಾ ಸಾನ್ ಫ್ರೆದಿಯಾನೊ, ದಕ್ಷಿಣಕ್ಕೆ ಪೋರ್ತಾ ರೊಮಾನಾ. ಮೂರರಲ್ಲಿ ನಿಮಗೆ ಮೊದಲನೆಯದೇ ಸರಿ.

ಆ ಬಾಗಿಲಿನಿಂದ ಊರ ಕಡೆ ಬೋರ್ಗೊ ಲಾ ಕ್ರೋಚೆ ಅನ್ನುವ ನೇರವಾದ ಬೀದಿ ಹೊರಡುತ್ತದೆ. ಸ್ವಲ್ಪ ನಡೆದರೆ ಎಡಕ್ಕೆ ಸಾಂತ್ ಅಂಬ್ರೋಜೊ ಮಾರುಕಟ್ಟೆ. 1873ರ ಕಟ್ಟಡ. ಒಳಗೆ ಚೀಸ್, ಬ್ರೆಡ್ಡು, ಮಾಂಸದ ಅಂಗಡಿಗಳು. ಹೊರಗೆ ಚಪ್ಪರದಡಿ ತರಕಾರಿ ಹಣ್ಣು. ಏಪ್ರಿಲ್‌ನಲ್ಲಿ ಹಸಿ ಬಟಾಣಿ, ಎಳೆ ಆರ್ಟಿಚೋಕು, ಸ್ಟ್ರಾಬೆರಿ ರಾಶಿ ಬಿದ್ದಿರುತ್ತದೆ. ಮಾರುಕಟ್ಟೆ ಸಾಮಾನ್ಯವಾಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ಭಾನುವಾರ ರಜೆ. ಅಲ್ಲಿಂದ ಸಾಂತಾ ಕ್ರೋಚೆ ಚರ್ಚಿಗೆ ಐದಾರು ನಿಮಿಷ, ದುವೊಮೊಗೆ ಹೆಚ್ಚೆಂದರೆ ಕಾಲು ಗಂಟೆ. ದಾರಿಯುದ್ದಕ್ಕೂ ಸಮತಟ್ಟು, ಒಂದು ಮೆಟ್ಟಿಲೂ ಇಲ್ಲ. ಅಡುಗೆಮನೆ ಇರುವ ಒಂದು ಸಣ್ಣ ಮನೆ ಈ ಬೀದಿಗಳಲ್ಲಿ ಸಿಕ್ಕರೆ ಬಿಡಬೇಡಿ. ಬೆಳಗ್ಗೆ ಮಾರುಕಟ್ಟೆಯಿಂದ ತರಕಾರಿ ತಂದು, ಮಧ್ಯಾಹ್ನ ಬಂದು ಅನ್ನ ಸಾರು ಮಾಡಿಕೊಂಡು, ಒಂದು ನಿದ್ದೆ ತೆಗೆದು ಹೊರಡಬಹುದು. ನಾಲ್ಕು ಜನ ಹೊರಗೆ ಕೂತು ಉಂಡರೆ 60–70 ಯೂರೋ ಸಲೀಸಾಗಿ ಆಗುತ್ತದೆ. ಹಾಗಾಗಿ ಅಡುಗೆಮನೆಗೆ ರಾತ್ರಿಗೆ 15 ಯೂರೋ ಜಾಸ್ತಿ ಕೊಟ್ಟರೂ ಲಾಭವೇ.

ಸಾನ್ ಫ್ರೆದಿಯಾನೊ ಕೂಡ ಸಮತಟ್ಟು, ಹಳೆ ಕಸುಬುದಾರರ ಕೇರಿ. ಆದರೆ ಈಗ ಬಾರುಗಳು ಹೆಚ್ಚಿವೆ, ಸಾಂತೊ ಸ್ಪಿರಿತೊ ಚೌಕದ ಕಡೆಗಂತೂ ರಾತ್ರಿ ಒಂದು ಗಂಟೆಗೂ ಮಾತು ನಿಲ್ಲುವುದಿಲ್ಲ. ಅಲ್ಲಿ ತಗೊಂಡರೆ ಬೀದಿ ಕಡೆಯ ರೂಮು ಬೇಡ, ಒಳ ಅಂಗಳದ ಕಡೆಯದು ಕೊಡಿ ಅಂತ ಬರೆದು ಕೇಳಿ. ಪೋರ್ತಾ ರೊಮಾನಾ ನನಗೆ ಇಷ್ಟವಾದ ಬಾಗಿಲು. ಪಿತ್ತಿ ಅರಮನೆಗೆ ಹತ್ತು ಹನ್ನೆರಡು ನಿಮಿಷ, ಬೆಲೆಯೂ ತುಸು ಕಡಿಮೆ. ಆದರೆ ಅದರ ಆಚೆ ಗುಡ್ಡ ಶುರುವಾಗುತ್ತದೆ. ‘ಪೋರ್ತಾ ರೊಮಾನಾ ಹತ್ತಿರ’ ಅಂತ ಬರೆದ ಎಷ್ಟೋ ರೂಮುಗಳು ಆ ಏರಿನ ಮೇಲಿರುತ್ತವೆ. ಒಳಗಡೆ ವಿಯಾ ರೊಮಾನಾ ಬೀದಿಯಲ್ಲಿದ್ದರೆ ಮಾತ್ರ ತಗೊಳ್ಳಿ.

ಇನ್ನೊಂದು ವಿಷಯ. 2023ರಲ್ಲಿ ಫ್ಲಾರೆನ್ಸ್ ನಗರಸಭೆ ಹಳೆ ಊರಿನೊಳಗೆ ಹೊಸದಾಗಿ ಪ್ರವಾಸಿ ಬಾಡಿಗೆ ಮನೆ ತೆರೆಯುವುದನ್ನು ತಡೆಯಲು ಹೊರಟಿತು. 2025ರಲ್ಲಿ, ಬಂದವರು ತಾವೇ ಕೀಲಿ ತೆಗೆದುಕೊಳ್ಳಲಿ ಅಂತ ಗೋಡೆಗೆ, ಸರಳಿಗೆ ಸಿಕ್ಕಿಸುವ ಬೀಗದ ಕೀಲಿಪೆಟ್ಟಿಗೆಗಳನ್ನೂ ಅಲ್ಲಿ ನಿಷೇಧಿಸಿತು. ಮನೆಗಳೆಲ್ಲ ಪ್ರವಾಸಿಗರ ಪಾಲಾಗಿ ಊರಿನವರಿಗೇ ಬಾಡಿಗೆಗೆ ಮನೆ ಸಿಗದಂತಾಗಿದೆ ಅನ್ನುವುದು ಅವರ ಸಂಕಟ. ಅದು ನ್ಯಾಯವೇ. ಹಾಗಾಗಿ ಮನೆ ಹಿಡಿಯುವಾಗ ಕಾನೂನುಬದ್ಧವಾದದ್ದನ್ನೇ ಹಿಡಿಯಿರಿ. 2025ರ ಜನವರಿ 1ರಿಂದ ಇಟಲಿಯ ಎಲ್ಲ ಪ್ರವಾಸಿ ವಸತಿಗೂ ಒಂದು ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಅದಕ್ಕೆ ಚಿನ್ (CIN) ಅನ್ನುತ್ತಾರೆ. ಜಾಹೀರಾತಿನಲ್ಲೂ ಮನೆ ಬಾಗಿಲಲ್ಲೂ ಅದು ಕಾಣಬೇಕು. ಸಂಖ್ಯೆ ಇಲ್ಲದ ಮನೆ ಎಷ್ಟೇ ಅಗ್ಗವಾದರೂ ಬೇಡ. ಮಾಲೀಕರು ನಿಮ್ಮ ಪಾಸ್‌ಪೋರ್ಟ್ ವಿವರ ಪೊಲೀಸರಿಗೆ ಕಳಿಸುವುದೂ ಅಲ್ಲಿಯ ನಿಯಮ. ಕೇಳಿದಾಗ ಗಾಬರಿಯಾಗಬೇಡಿ. ಕೇಳದಿದ್ದರೆ ಮಾತ್ರ ಅನುಮಾನ ಪಡಿ.

ರೋಮಿಗೆ ಬರೋಣ. ಇಲ್ಲಿ ಬಾಗಿಲಿನ ಸೂತ್ರವನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಔರೇಲಿಯನ್ ಚಕ್ರವರ್ತಿ ಕ್ರಿ.ಶ. 271ರಲ್ಲಿ ಶುರುಮಾಡಿಸಿದ ಗೋಡೆ ಸುಮಾರು 19 ಕಿಲೋಮೀಟರ್ ಸುತ್ತಳತೆಯದು. ಅಷ್ಟು ದೊಡ್ಡ ಊರಿನಲ್ಲಿ ಎಲ್ಲ ಬಾಗಿಲೂ ಹತ್ತಿರ ಆಗುವುದಿಲ್ಲ. ನಿಮಗೆ ಬೇಕಾದ್ದು ಪೋರ್ತಾ ಸಾನ್ ಜೊವಾನ್ನಿ. ಬಾಗಿಲಿನ ಒಳಗೆ ಸಾನ್ ಜೊವಾನ್ನಿಯ ದೊಡ್ಡ ಚರ್ಚು, ಅಲ್ಲಿಂದ ಕೊಲೋಸಿಯಂಗೆ ಒಂದೇ ನೇರ ಬೀದಿ. ಒಂದೂಕಾಲು ಕಿಲೋಮೀಟರ್ ಇರಬಹುದು, ಹೋಗುವಾಗ ತುಸು ಇಳಿಜಾರು. ಬಾಗಿಲಿನಾಚೆಗೇ ಮೆಟ್ರೊ ನಿಲ್ದಾಣ, ವ್ಯಾಟಿಕನ್ ಕಡೆ ಹೋಗುವ ಎ ಲೈನು ಅಲ್ಲೇ ಸಿಗುತ್ತದೆ. ಇದು ಊರಿನವರ ಬಡಾವಣೆ. ಹಳೆ ರೋಮಿನ ಓಣಿಗಳಿಗಿಂತ ಇಲ್ಲಿ ಪುಟ್‌ಪಾತು ಅಗಲ, ಲಿಫ್ಟ್ ಇರುವ ಕಟ್ಟಡಗಳೂ ಜಾಸ್ತಿ.

ಎಲ್ಲರೂ ಹೇಳುವ ತ್ರಾಸ್ತೇವೆರೆ ಕೇರಿ ಸಂಜೆ ಸುತ್ತಾಡಲು ಚೆಂದ. ಮಲಗಲು ಬೇಡ. ಅಲ್ಲಿ ಮೆಟ್ರೊ ಇಲ್ಲ, ರಾತ್ರಿ ಗದ್ದಲ. ಮೊಂತಿ ಕೇರಿ ಕೊಲೋಸಿಯಂಗೆ ಹತ್ತೇ ನಿಮಿಷ, ಆದರೆ ಗುಡ್ಡದ ಓಣಿಗಳು, ಏರಿಳಿತ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಮೊಂತಿ ಅನ್ನುತ್ತಿದ್ದೆ. ವ್ಯಾಟಿಕನ್ ಪಕ್ಕದ ಪ್ರಾತಿ 1870ರ ನಂತರ ಎದ್ದ ಬಡಾವಣೆ. ಸಮತಟ್ಟು, ಚೌಕಾಕಾರದ ಬೀದಿಗಳು, ಹಿರಿಯರಿಗೆ ತುಂಬ ಅನುಕೂಲ. ಬೆಲೆ ಮಾತ್ರ ಸಾನ್ ಜೊವಾನ್ನಿಗಿಂತ ಒಂದು ಕೈ ಮೇಲೆ.

ತೆರ್ಮಿನಿ ರೈಲು ನಿಲ್ದಾಣದ ಸುತ್ತ ಅಗ್ಗದ ಹೋಟೆಲ್‌ಗಳ ಸಾಲೇ ಇದೆ. ಬೇಡವೇ ಬೇಡ ಅಂತ ಹೇಳಲಾರೆ. ಆದರೆ ನಿಲ್ದಾಣಕ್ಕೆ ಅಂಟಿಕೊಂಡ ಬೀದಿಗಳಲ್ಲಿ ಜೇಬುಗಳ್ಳರ ಕಾಟ ಇದೆ, ರಾತ್ರಿ ಅಷ್ಟು ಹಿತ ಅನ್ನಿಸುವುದಿಲ್ಲ. ಹತ್ತು ನಿಮಿಷ ಆಚೆ, ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಸುತ್ತಮುತ್ತ ಹೋದರೆ ವಾತಾವರಣವೇ ಬೇರೆ. ಅಲ್ಲಿಂದ ವಿತ್ತೋರಿಯೊ ಚೌಕಕ್ಕೆ ಕೂಗಳತೆ ದೂರ. ಆ ಚೌಕದ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಯನ್ನು ಬರೆದಿಟ್ಟುಕೊಳ್ಳಿ. ಬಾಂಗ್ಲಾದವರು, ನಮ್ಮವರು ಅಂಗಡಿ ಇಟ್ಟಿದ್ದಾರೆ. ಅಕ್ಕಿ, ತೊಗರಿಬೇಳೆ, ಹಸಿಮೆಣಸು, ಕೊತ್ತಂಬರಿ, ಬೆಂಡೆಕಾಯಿ ಸಿಗುತ್ತದೆ. ಮೈಸೂರಿಂದ ಸಾರಿನ ಪುಡಿ ಒಯ್ದರೆ ಉಳಿದದ್ದೆಲ್ಲ ಇಲ್ಲೇ ಆಗುತ್ತದೆ. ಸಾನ್ ಜೊವಾನ್ನಿಯಲ್ಲಿ ಉಳಿದರೂ ಇದು ಎರಡೇ ಮೆಟ್ರೊ ನಿಲ್ದಾಣ ದೂರ.

ರೋಮಿನಲ್ಲಿ ಇನ್ನೊಂದು ದಾರಿ ಇದೆ, ನಮ್ಮವರು ಅದರ ಕಡೆ ನೋಡುವುದೇ ಇಲ್ಲ. ಕ್ರೈಸ್ತ ಸನ್ಯಾಸಿನಿಯರ ಮಠಗಳು ನಡೆಸುವ ವಸತಿಗೃಹಗಳು. ‘ಕಾಸಾ ಪೆರ್ ಫೆರಿಯೆ’ (Casa per ferie) ಅಂತ ಹುಡುಕಿ. ಯಾತ್ರಿಕರಿಗಾಗಿ ಶುರುವಾದವು, ಈಗ ಯಾವ ಧರ್ಮದವರಾದರೂ ಉಳಿಯಬಹುದು. ರೂಮು ಸಾದಾ. ಎರಡು ಒಂಟಿ ಮಂಚ, ಒಂದು ಮೇಜು, ಗೋಡೆಗೊಂದು ಶಿಲುಬೆ, ಹೊಳೆಯುವ ನೆಲ. ಬಹಳ ಕಡೆ ಬೆಳಗಿನ ತಿಂಡಿ ಇರುತ್ತದೆ, ಲಿಫ್ಟ್ ಇರುತ್ತದೆ, ಅಂಗಳದಲ್ಲಿ ಕಿತ್ತಳೆ ಗಿಡ, ಕೂರಲು ಬೆಂಚು ಇರುವುದುಂಟು. ರಾತ್ರಿ ಹನ್ನೊಂದು, ಹನ್ನೊಂದೂವರೆಗೆಲ್ಲ ಬಾಗಿಲು ಹಾಕುತ್ತಾರೆ. ಅಡುಗೆಮನೆ ಸಿಗುವುದಿಲ್ಲ. ಈಮೇಲ್ ಬರೆದರೆ ಉತ್ತರ ಬರಲು ನಾಲ್ಕೈದು ದಿನ ಹಿಡಿಯಬಹುದು. ಅತ್ತೆ, ಮಗಳು ಒಂದು ರೂಮು, ನೀವಿಬ್ಬರು ಒಂದು ರೂಮು ಅಂತ ತಗೊಂಡರೂ ಎಷ್ಟೋ ಸಲ ಹೋಟೆಲ್‌ನ ನಾಲ್ಕು ಹಾಸಿಗೆ ರೂಮಿನ ಬೆಲೆಗೇ ಬರುತ್ತದೆ. ಹಿರಿಯರ ಜೊತೆ ಹೋಗುವವರಿಗೆ ನನ್ನ ಮೊದಲ ಸಲಹೆ ಇದೇ.

ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. ರೋಮಿನ ಬೀದಿಗಳಲ್ಲಿ ‘ನಸೋನೆ’ ಅನ್ನುವ ಎರಕದ ಕಬ್ಬಿಣದ ನಲ್ಲಿಕಂಬಗಳಿವೆ, ಸೊಂಟದೆತ್ತರದವು. ಸದಾ ತಣ್ಣಗೆ ಹರಿಯುತ್ತಿರುತ್ತವೆ. 1870ರ ದಶಕದಿಂದ ಇವೆ, ಈಗ ಎರಡು ಸಾವಿರಕ್ಕೂ ಹೆಚ್ಚು. ಅದು ಕುಡಿಯುವ ನೀರೇ. ಖಾಲಿ ಬಾಟಲಿ ಕೈಲಿರಲಿ, ಅಂಗಡಿಯಲ್ಲಿ ನೀರು ಕೊಳ್ಳುವ ಕೆಲಸವೇ ಇಲ್ಲ.

ಈಗ ವೆನಿಸ್. ಈ ಊರಿಗೆ ಗೋಡೆ ಇರಲಿಲ್ಲ, ಸುತ್ತಲಿನ ನೀರೇ ಗೋಡೆ. 1846ರಲ್ಲಿ ರೈಲು ಸೇತುವೆ ಆದ ಮೇಲೆ ಸಾಂತಾ ಲೂಚಿಯಾ ರೈಲು ನಿಲ್ದಾಣದ ಜಾಗವೇ ಅದರ ಹೆಬ್ಬಾಗಿಲು. ನಿಮ್ಮ ಅತ್ತೆಯವರ ಮಂಡಿಯ ಪ್ರಶ್ನೆ ನಿಜವಾಗಿ ಎದುರಾಗುವುದು ಇಲ್ಲೇ. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆಲ್ಲ ಹತ್ತಿ ಇಳಿಯುವ ಮೆಟ್ಟಿಲು. ಸೂಟ್‌ಕೇಸು ಎತ್ತಿಕೊಂಡು, ಹಿರಿಯರ ಕೈಹಿಡಿದುಕೊಂಡು ಐದು ಸೇತುವೆ ದಾಟುವಷ್ಟರಲ್ಲಿ ವೆನಿಸ್ ಸಾಕಪ್ಪ ಅನ್ನಿಸುತ್ತದೆ.

ಆದ್ದರಿಂದ ಇಲ್ಲಿ ರೂಮಿನ ದೂರವನ್ನು ಮೀಟರಿನಲ್ಲಿ ಅಳೆಯಬೇಡಿ, ಸೇತುವೆಯಲ್ಲಿ ಅಳೆಯಿರಿ. ನಿಲ್ದಾಣದ ಮೆಟ್ಟಿಲು ಇಳಿದು ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಅನ್ನುವ ಅಗಲದ ಬೀದಿ. ಅದು ಸಾನ್ ಜೆರೆಮಿಯಾ ಚೌಕ ದಾಟಿ ಗೂಲ್ಯೆ ಸೇತುವೆಯವರೆಗೆ ಹೋಗುತ್ತದೆ. ಅಷ್ಟು ದೂರಕ್ಕೆ ಒಂದೂ ಸೇತುವೆ ಇಲ್ಲ. ಈ ತುಣುಕಿನಲ್ಲಿ, ಅಥವಾ ಅದರ ಪಕ್ಕದ ಓಣಿಗಳಲ್ಲಿ ಸಣ್ಣ ಸಣ್ಣ ಹೋಟೆಲ್‌ಗಳು ಬೇಕಾದಷ್ಟಿವೆ. ಬೀದಿ ಅಷ್ಟೇನೂ ಚೆಂದವಿಲ್ಲ, ಮಾರಾಟದ ಮುಖವಾಡ, ಮ್ಯಾಗ್ನೆಟ್ಟುಗಳ ಅಂಗಡಿ ಸಾಲು. ಪರವಾಗಿಲ್ಲ. ಚಕ್ರದ ಸೂಟ್‌ಕೇಸು ಎಳೆದುಕೊಂಡು ಐದು ನಿಮಿಷಕ್ಕೆ ರೂಮು ಸೇರಬಹುದು. ಸೇತುವೆ ಒಂದು ದಾಟಿದರೆ ಕಾನ್ನಾರೆಜೊದ ಶಾಂತವಾದ ಕಾಲುವೆ ದಂಡೆಗಳು, ಹಳೆ ಯಹೂದಿ ಕೇರಿ. ಸಂಜೆ ಅಲ್ಲಿ ನಡೆದಾಡಿ.

ಊರಿನ ಮುಖ್ಯ ಚೌಕವಾದ ಸಾನ್ ಮಾರ್ಕೊಗೆ ಅತ್ತೆಯವರನ್ನು ನಡೆಸಬೇಡಿ. ವಾಪೊರೆತ್ತೊ ಅಂದರೆ ಊರಿನ ದೋಣಿ ಬಸ್ಸು. ನಿಲ್ದಾಣದ ಎದುರಿಗೇ ಹತ್ತಿದರೆ 1ನೇ ನಂಬರಿನದು ದೊಡ್ಡ ಕಾಲುವೆಯ ಉದ್ದಕ್ಕೂ ಅರಮನೆಗಳನ್ನು ತೋರಿಸುತ್ತ ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ಬಿಡುತ್ತದೆ. ಟಿಕೆಟ್ ದುಬಾರಿ. 75 ನಿಮಿಷಕ್ಕೆ 9.50 ಯೂರೋ, 24 ಗಂಟೆಯದಕ್ಕೆ 25 ಯೂರೋ ಇತ್ತು. ಮೂರು ಸಲ ಹತ್ತಿದರೆ 24 ಗಂಟೆಯದೇ ಅಗ್ಗ. ಅದನ್ನು ಮಧ್ಯಾಹ್ನ ಒಂದಕ್ಕೆ ಶುರುಮಾಡಿದರೆ ಮರುದಿನ ಒಂದರವರೆಗೆ ನಡೆಯುತ್ತದೆ. ಒಂದು ಸಂಜೆ, ಒಂದು ಬೆಳಗ್ಗೆ ಎರಡೂ ಸಿಕ್ಕ ಹಾಗೆ. ಜುದೆಕ್ಕಾ ದ್ವೀಪದಲ್ಲಿ ಅಗ್ಗದ ರೂಮು ಕಂಡು ಆಸೆಪಡಬೇಡಿ. ಪ್ರತಿ ಸಲ ಮನೆಗೆ ಹೋಗಲೂ ದೋಣಿ ಬೇಕು, ನಾಲ್ಕು ಜನಕ್ಕೆ ಒಂದು ಸಲಕ್ಕೆ 38 ಯೂರೋ.

‘ಮೆಸ್ತ್ರೆಯಲ್ಲಿ ಉಳಿದರೆ ಅರ್ಧ ಬೆಲೆ’ ಅಂತ ನಿಮಗೆ ಖಂಡಿತ ಯಾರಾದರೂ ಹೇಳಿರುತ್ತಾರೆ. ಅದು ಸುಳ್ಳಲ್ಲ. ಮೆಸ್ತ್ರೆ ನೆಲದ ಮೇಲಿರುವ ವೆನಿಸ್, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಟಿಕೆಟ್ ಒಂದೂವರೆ ಯೂರೋ ಆಸುಪಾಸು. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ವೆನಿಸ್ ನಿಜವಾಗಿ ನೋಡಲು ಸಿಗುವುದು ಹಗಲಿನ ಜನ ಹೋದ ಮೇಲೆ, ರಾತ್ರಿ ಒಂಬತ್ತರ ನಂತರ, ಬೆಳಗ್ಗೆ ಎಂಟರ ಒಳಗೆ. ಆ ಹೊತ್ತು ನೀವು ಮೆಸ್ತ್ರೆಯಲ್ಲಿದ್ದರೆ ಬಂದದ್ದು ಏನು ಸಾರ್ಥಕ? ಎರಡೇ ರಾತ್ರಿ ಆಗಲಿ, ವೆನಿಸ್‌ನಲ್ಲೇ ಮಲಗಿ. ಶುಕ್ರವಾರ, ಶನಿವಾರ ಬಿಟ್ಟು ವಾರದ ನಡುವೆ ಹೋಗಿ, ಬೆಲೆ ಕಣ್ಣಿಗೆ ಕಾಣುವಷ್ಟು ಇಳಿದಿರುತ್ತದೆ.

ಅದೂ ಆಗಲ್ಲ ಅಂದರೆ ಮೆಸ್ತ್ರೆ ಬದಲು ಪಾದುವಾ. ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆ, ನಿಧಾನದ ರೈಲಾದರೆ ಮುಕ್ಕಾಲು ಗಂಟೆ. ಅದು ತನ್ನದೇ ಸಂಜೆ ಇರುವ ಊರು. 1222ರ ವಿಶ್ವವಿದ್ಯಾಲಯ, ಜೊತ್ತೊ ಚಿತ್ರ ಬರೆದ ಸ್ಕ್ರೊವೆನ್ಯಿ ಚಾಪೆಲ್, ಬೀದಿಯ ಎರಡೂ ಬದಿ ಕಮಾನಿನ ಜಗುಲಿಗಳು, ಪೂರ್ತಿ ಸಮತಟ್ಟು. ನಿಲ್ದಾಣದಿಂದ ಊರೊಳಗೆ ಟ್ರಾಮ್ ಇದೆ. ಒಂದು ಎಚ್ಚರಿಕೆ. ವೆನಿಸ್ 2024ರಿಂದ ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕ ಇಟ್ಟಿದೆ. ವಸಂತಕಾಲದಿಂದ ಜುಲೈವರೆಗೆ, ಆರಿಸಿದ ಕೆಲವು ದಿನ ಮಾತ್ರ. 2025ರಲ್ಲಿ ಮೊದಲೇ ಕಟ್ಟಿದವರಿಗೆ ತಲೆಗೆ 5, ತಡವಾದರೆ 10 ಯೂರೋ ಇತ್ತು. 14 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ವೆನಿಸ್‌ನಲ್ಲೋ ಮೆಸ್ತ್ರೆಯಲ್ಲೋ ಉಳಿದವರಿಗೂ ಇಲ್ಲ, ಆದರೆ ವಿನಾಯಿತಿಯನ್ನು ಆನ್‌ಲೈನಿನಲ್ಲಿ ನೋಂದಾಯಿಸಿಕೊಳ್ಳಬೇಕು. ಪಾದುವಾದಿಂದ ಬರುವ ಪ್ರವಾಸಿಗರು ಕಟ್ಟಬೇಕು.

ರೂಮಿನ ಜಾಹೀರಾತು ಓದುವಾಗ ಮೂರು ಕಡೆ ಕಣ್ಣಿಡಿ. ಮೊದಲನೆಯದು ಮಹಡಿ, ಲಿಫ್ಟ್. ನಮ್ಮಲ್ಲಿಯ ಹಾಗೇ ಅಲ್ಲೂ ನೆಲಮಹಡಿ ಬಿಟ್ಟು ಎಣಿಸುತ್ತಾರೆ. ಆದರೆ ಹಳೆ ಕಟ್ಟಡಗಳ ಒಂದು ಮಹಡಿ ನಮ್ಮ ಒಂದೂವರೆಗೆ ಸಮ. ನಡುವೆ ಲೆಕ್ಕಕ್ಕೆ ಬಾರದ ಅರೆಮಹಡಿ ಬೇರೆ ಇರುತ್ತದೆ. ‘ಲಿಫ್ಟ್ ಇದೆ’ ಅಂತ ಬರೆದಿದ್ದರೂ ಅದು ಹತ್ತು ಹನ್ನೆರಡು ಮೆಟ್ಟಿಲು ಹತ್ತಿದ ಮೇಲೆ ಶುರುವಾಗಬಹುದು, ಇಬ್ಬರು ನಿಲ್ಲುವಷ್ಟೇ ಜಾಗ ಇರಬಹುದು. ಹಾಗಾಗಿ ನೇರವಾಗಿ ಕೇಳಿ: ‘ಬೀದಿ ಬಾಗಿಲಿನಿಂದ ರೂಮಿನ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು?’ ಸಂಖ್ಯೆಯಲ್ಲಿ ಉತ್ತರ ಕೊಟ್ಟವರ ರೂಮು ತಗೊಳ್ಳಿ. ‘ಸ್ವಲ್ಪ ಇದೆ, ತೊಂದರೆ ಇಲ್ಲ’ ಅಂದವರದು ಬಿಡಿ.

ಎರಡನೆಯದು ಬಚ್ಚಲು. ‘ಬಾನ್ಯೊ ಇನ್ ಕೊಮೂನೆ’ (bagno in comune) ಅಂದರೆ ಬೇರೆ ರೂಮಿನವರ ಜೊತೆ ಹಂಚಿಕೊಳ್ಳುವುದು. ‘ಪ್ರಿವಾತೊ ಎಸ್ತೆರ್ನೊ’ (privato esterno) ಅಂದರೆ ನಿಮಗೇ ಮೀಸಲು, ಆದರೆ ರೂಮಿನ ಹೊರಗೆ, ಪಡಸಾಲೆ ದಾಟಿ. ಹೀಗಿದ್ದರೆ ಬೆಲೆ ಕಡಿಮೆ. ರಾತ್ರಿ ಎರಡು ಸಲ ಏಳುವ ಹಿರಿಯರಿದ್ದರೆ ಬೇಡ.

ಮೂರನೆಯದು ಕಾವು. ಇಟಲಿಯಲ್ಲಿ ಕಟ್ಟಡದ ಹೀಟರ್ ಎಂದು ಹಚ್ಚಬೇಕು, ಎಂದು ಆರಿಸಬೇಕು ಅಂತ ಕಾನೂನೇ ಇದೆ. ರೋಮ್, ಫ್ಲಾರೆನ್ಸ್, ವೆನಿಸ್ ಮೂರರಲ್ಲೂ ಸಾಮಾನ್ಯವಾಗಿ ಏಪ್ರಿಲ್ 15ಕ್ಕೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ರಾತ್ರಿ ಹತ್ತು ಡಿಗ್ರಿಗೆ ಇಳಿಯುವುದು ಮಾಮೂಲು, ಕಲ್ಲಿನ ಗೋಡೆಯ ರೂಮುಗಳು ಇನ್ನೂ ತಣ್ಣಗಿರುತ್ತವೆ. ಹೆಚ್ಚುವರಿ ಕಂಬಳಿ ಕೇಳಿ ಇಟ್ಟುಕೊಳ್ಳಿ, ಅತ್ತೆಯವರಿಗೆ ಒಂದು ಸ್ವೆಟರ್, ಕಾಲುಚೀಲ ಕೈಚೀಲದಲ್ಲೇ ಇರಲಿ.

ಬೆಲೆ ನೋಡುವಾಗ ಪ್ರವಾಸಿ ತೆರಿಗೆ ಸೇರಿಸಿ. ಬುಕಿಂಗ್ ಪುಟದಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಅಲ್ಲಿ ಹೋದ ಮೇಲೆ ಕೇಳುತ್ತಾರೆ. ರೋಮಿನಲ್ಲಿ ತಲೆಗೆ ರಾತ್ರಿಗೆ ಹೋಟೆಲ್ ದರ್ಜೆಯ ಪ್ರಕಾರ 4ರಿಂದ 10 ಯೂರೋ, ಮೂರು ಸ್ಟಾರ್ ಆದರೆ 6. ನಿಮ್ಮ ನಾಲ್ಕು ಜನಕ್ಕೆ ರಾತ್ರಿಗೆ 24 ಯೂರೋ ಆಯಿತು. ಹತ್ತು ವರ್ಷದೊಳಗಿನವರಿಗೆ ಮಾತ್ರ ವಿನಾಯಿತಿ, ಹಾಗಾಗಿ ಮಗಳಿಗೂ ಕಟ್ಟಬೇಕು. ಫ್ಲಾರೆನ್ಸಿನಲ್ಲಿ 12 ವರ್ಷದೊಳಗಿನವರಿಗೆ ಇಲ್ಲ. ಮನೆ ಹಿಡಿದರೆ ಕೊನೆಯ ಸ್ವಚ್ಛತೆಯ ಶುಲ್ಕವೂ ಇರುತ್ತದೆ. ಎರಡು ರಾತ್ರಿಗೆ ಅದು ಭಾರ, ನಾಲ್ಕು ರಾತ್ರಿಗೆ ಹಂಚಿಹೋಗುತ್ತದೆ. ಅದಕ್ಕೇ ರೋಮಿನಲ್ಲಿ, ಫ್ಲಾರೆನ್ಸಿನಲ್ಲಿ ಮನೆ ಅಥವಾ ಮಠ, ವೆನಿಸ್‌ನಲ್ಲಿ ಹೋಟೆಲ್ ಅನ್ನುವುದು ನನ್ನ ಲೆಕ್ಕ.

ದಿನಾಂಕದ ಮಾತು. ನಮ್ಮ ಶಾಲೆಗಳ ಬೇಸಿಗೆ ರಜೆ ಇಟಲಿಯ ದುಬಾರಿ ಕಾಲಕ್ಕೇ ಬಂದು ಬೀಳುತ್ತದೆ. ಈಸ್ಟರ್, ಏಪ್ರಿಲ್ 25ರ ವಿಮೋಚನಾ ದಿನ, ಮೇ 1, ಜೂನ್ 2ರ ಗಣರಾಜ್ಯ ದಿನ ಸಾಲಾಗಿ ಬರುತ್ತವೆ. ಆದರೆ 2027ರಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಈಸ್ಟರ್ ಮಾರ್ಚ್ 28ಕ್ಕೇ ಮುಗಿಯುತ್ತದೆ. ಪರೀಕ್ಷೆ ಮುಗಿದು ರಜೆ ಶುರುವಾದ ಕೂಡಲೇ, ಏಪ್ರಿಲ್ 11ರ ಸುಮಾರಿಗೆ ಹೊರಟು 22ರೊಳಗೆ ಮುಗಿಸಿದರೆ ಎರಡು ಹಬ್ಬಗಳ ನಡುವಿನ ಸಂದಿ ಸಿಗುತ್ತದೆ. ಏಪ್ರಿಲ್ 25 ವೆನಿಸ್‌ನ ಊರಹಬ್ಬವೂ ಹೌದು, ಸಂತ ಮಾರ್ಕನ ದಿನ. ಆ ವಾರಾಂತ್ಯ ಅಲ್ಲಿರಬೇಡಿ. ಮೇ ತಿಂಗಳಿಗೆ ಜಾರಿದರೆ ನಿಮ್ಮ 15–16 ಸಾವಿರದಲ್ಲಿ ಫ್ಲಾರೆನ್ಸ್ ತುಂಬ ಬಿಗಿಯಾಗುತ್ತದೆ.

ರೋಮಿನಲ್ಲಿ ನಾಲ್ಕು ರಾತ್ರಿ, ಫ್ಲಾರೆನ್ಸಿನಲ್ಲಿ ನಾಲ್ಕು, ವೆನಿಸ್‌ನಲ್ಲಿ ಎರಡು ಸಾಕು. ಬಿಟ್ಟುಬಿಡಲು ಮನಸ್ಸಾಗದ ಊರು ಅಂದರೆ ಬೊಲೊನ್ಯ. ಹಳೆ ಊರಿನಲ್ಲೇ ಸುಮಾರು 38 ಕಿಲೋಮೀಟರ್ ಕಮಾನಿನ ಜಗುಲಿಗಳಿವೆ, ಮಳೆ ಬಂದರೂ ಕೊಡೆ ಬೇಡ. ಫ್ಲಾರೆನ್ಸಿನಿಂದ ವೇಗದ ರೈಲಿನಲ್ಲಿ 40 ನಿಮಿಷ, ವೆನಿಸ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಇಳಿದು ಊಟ ಮಾಡಿ ಮುಂದಿನ ರೈಲು ಹತ್ತಬಹುದು. ಅಲ್ಲಿ ಉಳಿಯುವುದಾದರೆ ವ್ಯಾಪಾರ ಮೇಳಗಳ ದಿನಾಂಕ ನೋಡಿಕೊಳ್ಳಿ, ಮೇಳ ಇದ್ದ ವಾರ ರೂಮಿನ ಬೆಲೆ ಎರಡು ಪಟ್ಟಾಗುತ್ತದೆ.

ಬುಕ್ ಮಾಡುವ ಕ್ರಮ ಹೀಗಿರಲಿ. ವೀಸಾಕ್ಕೆ ಅರ್ಜಿ ಹಾಕುವಾಗ ಎಲ್ಲ ರಾತ್ರಿಗೂ ವಸತಿಯ ದಾಖಲೆ ತೋರಿಸಬೇಕು, ನಾಲ್ಕೂ ಜನರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಅದರಲ್ಲಿರಬೇಕು. ಆದ್ದರಿಂದ ಈಗಲೇ ಉಚಿತವಾಗಿ ರದ್ದು ಮಾಡಬಹುದಾದ ರೂಮುಗಳನ್ನೇ ಹಿಡಿಯಿರಿ. ‘ಹಣ ವಾಪಸ್ಸಿಲ್ಲ, ಹತ್ತು ಪರ್ಸೆಂಟ್ ಕಡಿಮೆ’ ಅನ್ನುವ ಆಸೆಗೆ ವೀಸಾ ಬರುವ ಮುಂಚೆ ಬೀಳಬೇಡಿ. ಮೊದಲು ವೆನಿಸ್, ಯಾಕೆಂದರೆ ಆ ಸೇತುವೆಯಿಲ್ಲದ ತುಣುಕಿನಲ್ಲಿ ಲಿಫ್ಟ್ ಇರುವ, ನಾಲ್ಕು ಜನ ಹಿಡಿಸುವ ರೂಮುಗಳು ಕಡಿಮೆ. ಆಮೇಲೆ ಫ್ಲಾರೆನ್ಸ್. ರೋಮಿನ ಮಠಗಳಿಗೆ ಇವತ್ತೇ ಈಮೇಲ್ ಹಾಕಿ ಇಡಿ, ಉತ್ತರ ಬಂದಾಗ ನೋಡಿದರಾಯಿತು. ಸಣ್ಣ ಹೋಟೆಲ್ ಇಷ್ಟವಾದರೆ ಬುಕಿಂಗ್ ತಾಣದಲ್ಲಿ ಬೆಲೆ ನೋಡಿಕೊಂಡು ಹೋಟೆಲ್‌ಗೇ ಒಂದು ಮಾತು ಬರೆಯಿರಿ. ಕಮಿಷನ್ ಉಳಿಯುವುದರಿಂದ ಸ್ವಲ್ಪ ಇಳಿಸುವುದುಂಟು, ಇಲ್ಲವೇ ತಿಂಡಿ ಸೇರಿಸಿ ಕೊಡುತ್ತಾರೆ. ಊರಿಂದ ಊರಿಗೆ ವೇಗದ ರೈಲಿನ ಟಿಕೆಟ್ ಮೊದಲೇ ತಗೊಂಡಷ್ಟೂ ಅಗ್ಗ, ಆದರೆ ಅದನ್ನೂ ವೀಸಾ ಕೈಗೆ ಬಂದ ಮೇಲೆಯೇ ತಗೊಳ್ಳಿ. ಪ್ರಾದೇಶಿಕ ರೈಲುಗಳಿಗೆ ಬೆಲೆ ಯಾವಾಗಲೂ ಒಂದೇ, ಅವತ್ತೇ ಹೋಗಿ ಕೊಂಡರೂ ಆಗುತ್ತದೆ.